ಅಗ್ರಹಾರದ ಹುಳಿ ಅಂಗಡಿ: ಒಂದೂವರೆ ವರ್ಷ ತಿಂದ ಮೇಲೆ ಬರೆಯುತ್ತಿದ್ದೇನೆ

ಮೊದಲೇ ಹೇಳಿಬಿಡುತ್ತೇನೆ. ಹುಣಸೆ ಹಾಕಿ ಮಾಡಿದ್ದು ಏನೇ ಬೇಕಿದ್ದರೂ ಇಲ್ಲಿ ಕಣ್ಣು ಮುಚ್ಚಿ ತಗೊಳ್ಳಿ. ಹೇರಳೆಕಾಯಿ ಗೊಜ್ಜು ಸಿಕ್ಕಿದರೆ ಎರಡು ಬಾಟಲಿ ತಗೊಳ್ಳಿ, ಮತ್ತೆ ಯಾವಾಗ ಮಾಡುತ್ತಾರೋ ಅವರಿಗೇ ಗೊತ್ತಿರುವುದಿಲ್ಲ. ಬೇಸಿಗೆಯಲ್ಲಿ ಹೋದರೆ ಬೇಲದ ಹಣ್ಣಿನ ಪಾನಕ ಕುಡಿಯದೆ ಬರಬೇಡಿ. ನಿಂಬೆಹಣ್ಣಿನ ಉಪ್ಪಿನಕಾಯಿ ಮಾತ್ರ ಬೇಡ. ಯಾಕೆ ಅಂತ ಆಮೇಲೆ ಹೇಳುತ್ತೇನೆ.

ಅಂಗಡಿ ಇರುವುದು ಮೈಸೂರಿನ ಅಗ್ರಹಾರದಲ್ಲಿ, ರಾಮಾನುಜ ರಸ್ತೆಯಿಂದ ಒಳಗೆ ಹೋಗುವ ಒಂದು ಅಡ್ಡರಸ್ತೆಯಲ್ಲಿ. ಅಂಗಡಿ ಅಂದರೆ ಅಂಗಡಿಯೂ ಅಲ್ಲ. ಹಳೇ ಹೆಂಚಿನ ಮನೆ, ಮುಂದಿನ ಕೋಣೆಗೆ ಒಂದು ಮರದ ಬೆಂಚು, ಎರಡು ಗಾಜಿನ ಬೀರು. ಬೋರ್ಡು ಇಲ್ಲ, ಹೆಸರೂ ಇಟ್ಟಿಲ್ಲ. ಬಾಗಿಲ ಪಕ್ಕ ಒಂದು ಸ್ಲೇಟು ನೇತು ಹಾಕಿ ಇವತ್ತು ಏನೇನು ಇದೆ ಅಂತ ಸೀಮೆಸುಣ್ಣದಲ್ಲಿ ಬರೆದಿರುತ್ತಾರೆ. ನಡೆಸುವವರು ಅತ್ತೆ ಮತ್ತು ಸೊಸೆ. ಗೊಜ್ಜು ಕುದಿಸುವ ದಿನ ಮಾತ್ರ ಸ್ಲೇಟು ನೋಡಬೇಕಾಗಿಲ್ಲ, ರಸ್ತೆಯ ತಿರುವಿನಲ್ಲೇ ಇಂಗು ಹುಣಸೆಯ ವಾಸನೆ ಬರುತ್ತೆ, ಸ್ಕೂಟರ್ ನಿಲ್ಲಿಸುವ ಮೊದಲೇ ಬಾಯಲ್ಲಿ ನೀರೂರಿರುತ್ತೆ.

ನನಗೆ ಹುಳಿ ಅಂದರೆ ಚಿಕ್ಕಂದಿನಿಂದ ಪ್ರಾಣ. ಅಮ್ಮನ ತವರು ಪಾಂಡವಪುರದ ಹತ್ತಿರದ ಹಳ್ಳಿ. ಅಲ್ಲಿ ಮಾರ್ಚ್ ತಿಂಗಳು ಬಂದರೆ ಜಗಲಿ ತುಂಬ ಹುಣಸೆಹಣ್ಣು. ಮರ ಬಡಿಸಿ, ಬಿಸಿಲಲ್ಲಿ ಹರವಿ, ಸಿಪ್ಪೆ ಬಿಡಿಸಿ, ನಾರು ಎಳೆದು, ಬೀಜ ಕುಟ್ಟಿ ತೆಗೆದು, ಉಪ್ಪು ಬೆರೆಸಿ ಉಂಡೆ ಕಟ್ಟಿ ಜಾಡಿಗೆ ತುಂಬುವುದು. ಆ ಜಾಡಿ ಒಂದು ವರ್ಷಕ್ಕೆ ಎಲ್ಲದಕ್ಕೂ ಆಗಬೇಕು. ಸಾರಿಗೆ, ಬಸ್ಸಾರಿಗೆ, ಉಪ್ಪುಸಾರಿನ ಖಾರಕ್ಕೆ, ಗೊಜ್ಜಿಗೆ. ಮುದ್ದೆ ಉಣ್ಣುವ ಊರಲ್ಲಿ ಹುಳಿ ಇಲ್ಲದಿದ್ದರೆ ತುತ್ತು ಗಂಟಲಲ್ಲಿ ಇಳಿಯುವುದಿಲ್ಲ ಅಂತ ಅಜ್ಜಿ ಹೇಳುತ್ತಿದ್ದರು. ನಮ್ಮ ಕಡೆ ಬೇಳೆ ತರಕಾರಿ ಹಾಕಿ ಮಾಡುವ ಸಾಂಬಾರಿಗೆ ಹೆಸರೇ ಹುಳಿ, ಅಲ್ವಾ? ನುಗ್ಗೆಕಾಯಿ ಹುಳಿ, ಸೊಪ್ಪಿನ ಹುಳಿ, ಮಜ್ಜಿಗೆ ಹುಳಿ. ಅಡುಗೆಯಲ್ಲಿ ಬೇರೆ ಏನೇ ಇದ್ದರೂ ಕರೆಯುವುದು ಹುಳಿ ಅಂತ.

ಹಾಗಾಗಿ ಬಾಟಲಿ ಗೊಜ್ಜು ಕೊಳ್ಳುವುದು ಅಂದರೆ ನಮ್ಮನೆಯಲ್ಲಿ ಸಣ್ಣ ವಿಷಯವಲ್ಲ. ಎರಡು ವರ್ಷದ ಹಿಂದೆ ಬೇರೆ ಒಂದು ಕಡೆ ಪುಳಿಯೋಗರೆ ಗೊಜ್ಜು ತಂದಿದ್ದೆ. ಚೆಂದದ ಬಾಟಲಿ, ಚೆಂದದ ಚೀಟಿ. ಅನ್ನಕ್ಕೆ ಕಲಸಿ ಬಾಯಿಗಿಟ್ಟರೆ ನಾಲಿಗೆ ತುದಿಗೆ ಚುರ್ ಅಂತ ಒಂದು ಹುಳಿ, ಆಮೇಲೆ ಏನೂ ಇಲ್ಲ. ಚೀಟಿ ತಿರುಗಿಸಿ ನೋಡಿದರೆ ಸಿಟ್ರಿಕ್ ಆಸಿಡ್ ಅಂತ ಇತ್ತು, ಅಂದರೆ ನಿಂಬೆ ಉಪ್ಪು. ಹೋಗಲಿ ಅಂತ ಇಟ್ಟುಕೊಂಡರೆ ಹದಿನೈದು ದಿನಕ್ಕೆ ಮೇಲೆ ಬಿಳೀ ಬೂಷ್ಟು. ಒಣ ಚಮಚವನ್ನೇ ಹಾಕಿದ್ದೆವು. ಪೂರ್ತಿ ಬಾಟಲಿ ಚೆಲ್ಲಬೇಕಾಯಿತು. ಅನ್ನ ಚೆಲ್ಲಿದಷ್ಟೇ ಸಂಕಟ ಆಯಿತು ಅಮ್ಮನಿಗೆ. ಅದಾದ ಮೇಲೆ ಹೊರಗಿನ ಗೊಜ್ಜು ಮನೆಗೆ ಬರಲಿಲ್ಲ, ಈ ಅಂಗಡಿ ಸಿಗುವವರೆಗೆ.

ಅಮ್ಮನನ್ನು ಇಲ್ಲಿಗೆ ಕರೆದುಕೊಂಡು ಹೋದ ದಿನ ಚೆನ್ನಾಗಿ ನೆನಪಿದೆ. ಬೆಂಚಿನ ಮೇಲೆ ಕೂತವರೇ ಕೇಳಿದ್ದು, "ಯಾವ ಹುಣಸೆಹಣ್ಣು ಹಾಕ್ತೀರಿ?"

"ಹಳೇದು ಕಣ್ರೀ. ಹೋದ ವರ್ಷದ್ದು ಮುಕ್ಕಾಲು, ಈ ವರ್ಷದ್ದು ಕಾಲು" ಅಂದರು ಅತ್ತೆ.

"ಪೂರ್ತಿ ಹಳೇದೇ ಯಾಕೆ ಹಾಕಲ್ಲ?"

"ಬಣ್ಣ ಕಪ್ಪಾಗಿಬಿಡುತ್ತೆ, ಘಮ ಕಮ್ಮಿ ಆಗುತ್ತೆ. ಹೊಸದು ಸ್ವಲ್ಪ ಬೇಕು."

ಅಮ್ಮ ತಲೆ ಆಡಿಸಿದರು. ಅಂಗೈ ಮೇಲೆ ಒಂದು ತೊಟ್ಟು ಗೊಜ್ಜು ಹಾಕಿಸಿಕೊಂಡು ನೆಕ್ಕಿ, ಸುಮ್ನೆ ಕೂತರು. ಒಂದು ನಿಮಿಷ ಆದ ಮೇಲೆ "ಇನ್ನೂ ಬಾಯಲ್ಲಿದೆ" ಅಂದರು. ಅಷ್ಟೇ. ಅವತ್ತೇ ಅರ್ಧ ಕೆಜಿ ತಂದೆವು.

ಹಳೇ ಹಣ್ಣು ಹೊಸ ಹಣ್ಣಿನ ವಿಷಯ ಗೊತ್ತಿಲ್ಲದವರಿಗೆ ಹೇಳುತ್ತೇನೆ. ಹೊಸ ಹುಣಸೆಹಣ್ಣು ತಿಳಿ ಕಂದು ಬಣ್ಣ, ಹುಳಿ ಹರಿತ, ಹಲ್ಲು ಚಳಿಯುವ ಹಾಗೆ ಇರುತ್ತೆ. ಇಡುತ್ತ ಇಡುತ್ತ ಕಪ್ಪಾಗುತ್ತೆ, ಮೆತ್ತಗಾಗುತ್ತೆ, ಹುಳಿ ದುಂಡಗಾಗುತ್ತೆ. ತಿಳಿಸಾರಿಗೆ ಹೊಸದು ಚೆನ್ನ, ಪುಳಿಯೋಗರೆಗೆ ಹಳೇದು. ಪುಳಿಯೋಗರೆ ವಿಷಯದಲ್ಲಿ ಮಂಡ್ಯ ಜಿಲ್ಲೆಯವರಾದ ನಮಗೆ ಮೇಲುಕೋಟೆಯೇ ಅಳತೆಗೋಲು. ಚೆಲುವನಾರಾಯಣ ಸ್ವಾಮಿ ದೇವಸ್ಥಾನಕ್ಕೆ ಹೋದವರು ಪುಳಿಯೋಗರೆ ತಿನ್ನದೆ ಬೆಟ್ಟ ಇಳಿಯುವುದಿಲ್ಲ. ಅಮ್ಮ ಚಿಕ್ಕವರಿದ್ದಾಗ ವೈರಮುಡಿ ಉತ್ಸವಕ್ಕೆ ನಡೆದುಕೊಂಡೇ ಹೋಗಿ, ಮುತ್ತುಗದ ಎಲೆಯಲ್ಲಿ ತಿಂದ ಪುಳಿಯೋಗರೆಯ ರುಚಿ ಈಗಲೂ ಹೇಳುತ್ತಾರೆ. ಮೆಣಸು, ಎಳ್ಳು, ಕೊಬ್ಬರಿ ಮುಂದೆ ನಿಂತು, ಮೆಣಸಿನಕಾಯಿ ಹಿಂದೆ ಇರುವ ರುಚಿ ಅದು. ಈ ಅಂಗಡಿಯ ಗೊಜ್ಜು ಅದಕ್ಕೆ ತುಂಬ ಹತ್ತಿರ. ಬೆಲ್ಲ ಒಂದು ಚೂರು ಜಾಸ್ತಿ ಅನ್ನಿಸಿತು ನನಗೆ, ಅಮ್ಮನಿಗೆ ಸರಿ ಇದೆ ಅನ್ನಿಸಿತು.

ಒಂದು ಸಲ ಗೊಜ್ಜು ಕುದಿಸುವಾಗಲೇ ಹೋಗಿದ್ದೆ, ಒಳಗೆ ಕರೆದು ಕೂರಿಸಿದರು. ದಪ್ಪ ಹಿತ್ತಾಳೆ ಪಾತ್ರೆ, ಒಳಗೆ ಹೊಸದಾಗಿ ಕಲಾಯಿ ಹಾಕಿಸಿದ್ದರು. ಕಲಾಯಿ ಸವೆದ ಹಿತ್ತಾಳೆಗೆ ಹುಳಿ ತಾಕಿದರೆ ಕಿಲುಬು ಬಿಡುತ್ತೆ, ಹೊಟ್ಟೆ ಕೆಡುತ್ತೆ. ಅದಕ್ಕೇ ವರ್ಷಕ್ಕೆ ಎರಡು ಸಲ ಕಲಾಯಿ ಹಾಕಿಸುತ್ತಾರಂತೆ. ಮೊದಲು ಹುಣಸೆ ರಸ ಒಂದೇ ಕುದಿಯಬೇಕು, ಹಸಿ ವಾಸನೆ ಹೋಗುವವರೆಗೆ. ಆಮೇಲೆ ಉಪ್ಪು, ಅರಿಸಿನ, ಬೆಲ್ಲ. ಪುಡಿ ಹಾಕುವುದು ಕೊನೆಗೆ. ಸೊಸೆ ಸೌಟು ತಿರುಗಿಸುತ್ತಲೇ ಇದ್ದರು, ನಾನು ಅಲ್ಲಿದ್ದ ಮುಕ್ಕಾಲು ಗಂಟೆಯೂ ಕೈ ನಿಲ್ಲಲಿಲ್ಲ. ರಸ ಗಟ್ಟಿಯಾಗುತ್ತ ಗುಳುಗುಳು ಸದ್ದು ಬದಲಾಗಿ ಲೊಟಕ್ ಲೊಟಕ್ ಅಂತ ಸಿಡಿಯಲು ಶುರುವಾಯಿತು. ಪಾತ್ರೆಯ ಅಂಚಿನಲ್ಲಿ ಸುತ್ತಲೂ ಎಣ್ಣೆ ಗೆರೆಯ ಹಾಗೆ ಬಿಟ್ಟುಕೊಂಡಾಗ "ಈಗ ಆಯ್ತು ನೋಡಿ" ಅಂದು ಒಲೆ ಆರಿಸಿದರು. ನೀರಿನಂಶ ಹೋಗಿದೆ ಅನ್ನುವುದಕ್ಕೆ ಅದೇ ಗುರುತು. ನಮ್ಮ ಹಿಂದಿನ ಬಾಟಲಿಗೆ ಬೂಷ್ಟು ಬಂದಿದ್ದು ಬಹುಶಃ ಇಲ್ಲೇ ಅವಸರ ಮಾಡಿದ್ದಕ್ಕೆ.

ಪುಳಿಯೋಗರೆ ಗೊಜ್ಜು ಕಾಲು ಕೆಜಿಗೆ 130 ರೂಪಾಯಿ. ಅನ್ನ ಉದುರುದುರಾಗಿ ಮಾಡಿ, ಆರಿಸಿ, ಕಲಸಿ ಎರಡು ಗಂಟೆ ಬಿಟ್ಟು ತಿನ್ನಿ. ಬಿಸಿ ಅನ್ನಕ್ಕೆ ಕಲಸಿ ತಕ್ಷಣ ತಿಂದರೆ ಅರ್ಧ ರುಚಿಯೂ ಸಿಗುವುದಿಲ್ಲ.

ಹುಣಸೆಕಾಯಿ ತೊಕ್ಕು ಇನ್ನೊಂದು ಲೋಕ. ಬಲಿತ ಕಾಯಿಯನ್ನು ಉಪ್ಪು ಅರಿಸಿನ ಹಾಕಿ ಒರಳಲ್ಲಿ ಕುಟ್ಟಿ, ಕೆಲವು ದಿನ ಬಿಟ್ಟು, ಬೀಜ ನಾರು ತೆಗೆದು ಮತ್ತೆ ಹಸಿಮೆಣಸಿನಕಾಯಿ, ಮೆಂತ್ಯ, ಇಂಗಿನ ಜೊತೆ ರುಬ್ಬುವುದು. ಹಣ್ಣಿನ ಹುಳಿಯಲ್ಲಿ ಇರುವ ಸಿಹಿ ಇದರಲ್ಲಿ ಇರುವುದಿಲ್ಲ. ಹಸಿ ಹುಳಿ, ಚೊಗರು, ಖಾರ, ಮೂರೂ ಒಟ್ಟಿಗೆ. ಚಮಚದ ತುದಿಯಷ್ಟು ಸಾಕು, ಮೊಸರನ್ನ ಪೂರ್ತಿ ಹೋಗುತ್ತೆ. ಬಿಸಿ ಅನ್ನಕ್ಕೆ ತುಪ್ಪ ಹಾಕಿ ಇದನ್ನು ಕಲಸಿ ತಿಂದರೆ ಬೇರೆ ಸಾರು ಬೇಡ. ಇವರು ತೊಕ್ಕನ್ನು ಕಲ್ಲುಮರಿಗೆಯಲ್ಲಿ ಇಡುತ್ತಾರೆ, ನೀವು ಹೋದಾಗ ಅದರಿಂದ ತೆಗೆದು ಬಾಟಲಿಗೆ ತುಂಬಿಕೊಡುತ್ತಾರೆ. ಹೋದ ಜನವರಿಯಲ್ಲಿ ಮಾಡಿದ್ದು ಈಗಲೂ ನಮ್ಮನೆಯಲ್ಲಿದೆ, ಬಣ್ಣ ಸ್ವಲ್ಪ ಕಪ್ಪಾಗಿದೆ, ರುಚಿ ಇನ್ನೂ ಏರಿದೆ.

ಈಗ ಹೇರಳೆಕಾಯಿ. ಇದಕ್ಕಾಗಿಯೇ ನಾನು ಈ ಬರಹ ಶುರು ಮಾಡಿದ್ದು ಅಂದರೂ ತಪ್ಪಿಲ್ಲ. ಮೈಸೂರಿನ ಹಳೇ ಮನೆಗಳ ಹಿತ್ತಲಲ್ಲಿ ಒಂದು ಹೇರಳೆ ಗಿಡ ಇರುತ್ತಿತ್ತು. ಈಗ ಹಿತ್ತಲೇ ಇಲ್ಲ. ದೇವರಾಜ ಮಾರುಕಟ್ಟೆಯಲ್ಲಿ ಒಂದೊಂದು ಸಲ ಸಿಗುತ್ತೆ, ಕೊಳ್ಳುವವರು ಕಮ್ಮಿ. ನಿಂಬೆಗಿಂತ ದೊಡ್ಡದು, ಸಿಪ್ಪೆ ದಪ್ಪ, ಒಳಗೆ ರಸ ಸಾಕಷ್ಟು. ಹುಳಿಯ ಹಿಂದೆಯೇ ಒಂದು ಕಹಿ ಬರುತ್ತೆ, ಆ ಕಹಿಯೇ ಅದರ ಗಮ್ಮತ್ತು. ಇವರ ಗೊಜ್ಜಿನಲ್ಲಿ ಸಿಪ್ಪೆ ಹೋಳುಗಳು ಹಾಗೇ ಇರುತ್ತವೆ, ಅಗಿದರೆ ಮೊದಲು ಬೆಲ್ಲ, ಆಮೇಲೆ ಹುಳಿ, ಕೊನೆಗೆ ಕಹಿ, ಒಂದರ ಹಿಂದೆ ಒಂದು ಬರುತ್ತೆ. ಬೆಲ್ಲ ಮಂಡ್ಯ ಕಡೆಯ ಆಲೆಮನೆಯದು. ಬಿಳಿ ಬೆಲ್ಲ ತರುವುದಿಲ್ಲ, ಕಪ್ಪಗಿರುವುದನ್ನೇ ತರುತ್ತೇವೆ ಅಂದರು ಸೊಸೆ. ಈ ಕಹಿಯನ್ನು ಹಿಡಿದು ನಿಲ್ಲಿಸಬೇಕಾದರೆ ಅಂಥ ಗಟ್ಟಿ ಬೆಲ್ಲವೇ ಬೇಕು, ಸಕ್ಕರೆ ಹಾಕಿದರೆ ಪೇಲವ ಆಗಿಬಿಡುತ್ತೆ. ನನ್ನ ಮಗಳಿಗೆ ಒಂಬತ್ತು ವರ್ಷ. ಮೊದಲ ಸಲ ತಿಂದಾಗ ಮುಖ ಕಿವುಚಿದಳು. ಎರಡನೇ ದಿನ ದೋಸೆಗೆ ಅದೇ ಬೇಕು ಅಂದಳು.

ಪಾನಕಗಳು ಶಿವರಾತ್ರಿಯಿಂದ ಮಳೆ ಹಿಡಿಯುವವರೆಗೆ ಮಾತ್ರ. ಬೇಲದ ಹಣ್ಣಿನದು ಎಲ್ಲಕ್ಕಿಂತ ಮೇಲು. ರಾಮನವಮಿಗೆ ಎಲ್ಲರ ಮನೆಯಲ್ಲೂ ಮಾಡುತ್ತಿದ್ದುದು, ಈಗ ಅವತ್ತೂ ನಿಂಬೆ ಪಾನಕವೇ. ಬೇಲದ ಹಣ್ಣಿನ ಗಟ್ಟಿ ಓಡು ಒಡೆದು, ತಿರುಳು ಕೈಯಲ್ಲಿ ಕಿವುಚಿ, ಬೆಲ್ಲ, ಏಲಕ್ಕಿ ಹಾಕಿ ಸೋಸಿ ಕೊಡುತ್ತಾರೆ. ಕುಡಿದರೆ ಹುಳಿ ಗಂಟಲಿಗೆ ಚುಚ್ಚುವುದಿಲ್ಲ, ಮೆತ್ತಗೆ ಇಳಿಯುತ್ತೆ. ಲೋಟಕ್ಕೆ 30 ರೂಪಾಯಿ. ಮುರುಗಲ ಹಣ್ಣಿನ ಪಾನಕವೂ ಇದೆ, ಕರಾವಳಿಯಿಂದ ಒಣ ಸಿಪ್ಪೆ ತರಿಸಿ ನೆನೆಹಾಕಿ ಮಾಡುವುದು. ಕಡುಗೆಂಪು ಬಣ್ಣ ನೋಡಲು ಚೆಂದ. ರುಚಿ ಪರವಾಗಿಲ್ಲ, ಆದರೆ ಮುರುಗಲು ಕರಾವಳಿಯವರ ಊಟದ ಹುಳಿ, ಆ ಕಡೆ ಮನೆಗಳಲ್ಲಿ ಕುಡಿದಿದ್ದು ಇದಕ್ಕಿಂತ ಚೆನ್ನಾಗಿತ್ತು.

ಮಜ್ಜಿಗೆ ಬಗ್ಗೆ ಒಂದು ಮಾತು. ಬೆಳಿಗ್ಗೆ ಹನ್ನೊಂದಕ್ಕೆ ಹೋದರೆ ತಣ್ಣಗೆ, ಶುಂಠಿ, ಕರಿಬೇವು, ಮಾವಿನಕಾಯಿ ತುರಿ ಹಾಕಿದ ನೀರು ಮಜ್ಜಿಗೆ ಸಿಗುತ್ತೆ, ಬಹಳ ಚೆನ್ನಾಗಿರುತ್ತೆ. ಸಂಜೆ ನಾಲ್ಕಕ್ಕೆ ಹೋದರೆ ಅದೇ ಮಜ್ಜಿಗೆಗೆ ಹುಳಿ ಏರಿರುತ್ತೆ. ಮೊಸರಿನ ಬ್ಯಾಕ್ಟೀರಿಯಾ ಹಾಲಿನ ಸಕ್ಕರೆಯನ್ನು ಲ್ಯಾಕ್ಟಿಕ್ ಆಮ್ಲ ಮಾಡುತ್ತಲೇ ಇರುತ್ತವೆ, ಏಪ್ರಿಲ್ ಸೆಕೆಯಲ್ಲಿ ಇನ್ನೂ ಬೇಗ. ಫ್ರಿಜ್ ಇದೆ, ಆದರೆ ಮಜ್ಜಿಗೆಯನ್ನು ಮಣ್ಣಿನ ಮಡಕೆಯಲ್ಲೇ ಹೊರಗಿಡುತ್ತಾರೆ. ಹೇಳಿ ನೋಡಿದೆ. "ಫ್ರಿಜ್ ಮಜ್ಜಿಗೆ ಗಂಟಲಿಗೆ ಆಗಲ್ಲಮ್ಮ" ಅಂದರು ಅತ್ತೆ. ಸರಿ, ಹಾಗಾದರೆ ಬೆಳಿಗ್ಗೆಯೇ ಹೋಗಿ.

ನಮ್ಮ ಅತ್ತಿಗೆ ಕಾಲೇಜಿನಲ್ಲಿ ರಸಾಯನಶಾಸ್ತ್ರ ಪಾಠ ಮಾಡುತ್ತಾರೆ. ಯುಗಾದಿಗೆ ಬಂದವರು ಬ್ಯಾಗಿನಲ್ಲಿ ಪಿ.ಎಚ್. ಕಾಗದದ, ಅಂದರೆ ಆಮ್ಲ ಎಷ್ಟು ಹರಿತ ಅಂತ ಬಣ್ಣ ಬದಲಿಸಿ ತೋರಿಸುವ ಕಾಗದದ, ಸಣ್ಣ ಪುಸ್ತಕ ತಂದಿದ್ದರು, ಮಗಳಿಗೆ ತೋರಿಸಲು. ಊಟದ ಮನೆಯಲ್ಲಿ ಬಟ್ಟಲು ಸಾಲಾಗಿ ಇಟ್ಟು ಒಂದೊಂದಕ್ಕೂ ಕಾಗದದ ಚೂರು ಅದ್ದಿದೆವು. ಗೊಜ್ಜಿಗೆ ಅದ್ದಿದರೆ ಎಣ್ಣೆ, ಕಂದು ಬಣ್ಣ ಹತ್ತಿ ಏನೂ ಕಾಣಲಿಲ್ಲ. ಅದಕ್ಕೆ ಅದೇ ಅಂಗಡಿಯಿಂದ ತಂದ ಹುಣಸೆಹಣ್ಣು ನೆನೆಸಿ, ತಿಳಿ ಸೋಸಿ ಅದ್ದಿದೆವು. ನಿಂಬೆರಸಕ್ಕೆ ಕಾಗದ ಕೆಂಪಗಾಯಿತು, ಬಣ್ಣದ ಪಟ್ಟಿಯಲ್ಲಿ 2ರ ಪಕ್ಕ. ಹುಣಸೆ ನೀರು 3ರ ಹತ್ತಿರ. ಬೆಳಗಿನ ಮಜ್ಜಿಗೆ 4 ದಾಟಿತ್ತು. ಅಂಕಿ ಕಮ್ಮಿ ಇದ್ದಷ್ಟೂ ಹುಳಿ ಜಾಸ್ತಿ, ಒಂದು ಅಂಕಿ ಇಳಿದರೆ ಹತ್ತು ಪಟ್ಟು ವ್ಯತ್ಯಾಸ ಅಂದರು ಅತ್ತಿಗೆ.

ಅಮ್ಮ ಎಲ್ಲ ಕೇಳಿಸಿಕೊಂಡು "ಹಾಗಾದ್ರೆ ನಿಂಬೆ ಯಾಕೆ ಬೇಗ ಮರೆತುಹೋಗುತ್ತೆ, ಹುಣಸೆ ಯಾಕೆ ಬಾಯಲ್ಲೇ ಇರುತ್ತೆ?" ಅಂತ ಕೇಳಿದರು. ಒಳ್ಳೆ ಪ್ರಶ್ನೆ ಅಮ್ಮ ಅಂದರು ಅತ್ತಿಗೆ. ನಾಲಿಗೆಗೆ ಗೊತ್ತಾಗುವ ಹುಳಿ ಬರೀ ಈ ಅಂಕಿಯ ಮೇಲೆ ನಿಂತಿಲ್ಲ, ಯಾವ ಆಮ್ಲ, ಎಷ್ಟಿದೆ, ಜೊತೆಗೆ ಏನಿದೆ ಎಲ್ಲ ಸೇರುತ್ತೆ. ನಿಂಬೆಯದು ಸಿಟ್ರಿಕ್, ಹುಣಸೆಯದು ಮುಖ್ಯವಾಗಿ ಟಾರ್ಟಾರಿಕ್, ಮೊಸರಿನದು ಲ್ಯಾಕ್ಟಿಕ್. ಹುಣಸೆಯ ತಿರುಳು ಗಟ್ಟಿ, ಅದರಲ್ಲಿ ಸಕ್ಕರೆಯೂ ಇದೆ, ನಾಲಿಗೆಗೆ ಅಂಟಿಕೊಳ್ಳುತ್ತೆ. ನನಗೆ ಆ ಹಳೇ ಚೀಟಿ ನೆನಪಾಯಿತು. ಹುಣಸೆ ಇರಬೇಕಾದ ಜಾಗಕ್ಕೆ ನಿಂಬೆ ಉಪ್ಪು ಹಾಕಿದರೆ ಕಾಗದ ಕೆಂಪಗೇನೋ ಆಗುತ್ತೆ, ಪುಳಿಯೋಗರೆ ಆಗುವುದಿಲ್ಲ. ಅತ್ತಿಗೆ ಇನ್ನೊಂದು ವಿಷಯ ಹೇಳಿದರು. ಪಿ.ಎಚ್. 4.6ಕ್ಕಿಂತ ಕೆಳಗಿದ್ದರೆ ಬಾಟ್ಯುಲಿಸಂ ಅನ್ನುವ, ಪ್ರಾಣಕ್ಕೇ ಕುತ್ತು ತರಬಲ್ಲ ಆಹಾರ ವಿಷ ಮಾಡುವ ಬ್ಯಾಕ್ಟೀರಿಯಾ ಬೆಳೆಯುವುದಿಲ್ಲ, ಉಪ್ಪಿನಕಾಯಿ ಗೊಜ್ಜು ತಿಂಗಳುಗಟ್ಟಲೆ ಇರುವುದಕ್ಕೆ ಅದೂ ಒಂದು ಕಾರಣ. ಆದರೆ ಬೂಷ್ಟಿಗೆ ಹುಳಿಯ ಭಯ ಇಲ್ಲ. ಅದಕ್ಕೇ ಎಣ್ಣೆ ಮೇಲೆ ನಿಲ್ಲಬೇಕು, ಒದ್ದೆ ಚಮಚ ಹಾಕಬಾರದು.

ಇನ್ನು ನಿಂಬೆಹಣ್ಣಿನ ಉಪ್ಪಿನಕಾಯಿ. ಮೂರು ಸಲ ತಂದು ನೋಡಿದ್ದೇನೆ, ಮೂರು ಸಲವೂ ಸಿಪ್ಪೆ ಗಟ್ಟಿ, ಕಹಿ. ನಿಂಬೆಗೆ ಬಿಸಿ ತಾಕಿದರೆ ಕಹಿ ಬರುತ್ತೆ ಅಂತ ಮನೆಯಲ್ಲಿ ಚಿತ್ರಾನ್ನಕ್ಕೂ ಒಲೆ ಆರಿಸಿದ ಮೇಲೆಯೇ ಹಿಂಡುತ್ತೇವಲ್ವಾ. ಇವರು ಒಗ್ಗರಣೆ ಬಿಸಿಬಿಸಿಯಾಗಿಯೇ ಸುರಿಯುತ್ತಾರೆ, ಉಪ್ಪಿನಲ್ಲಿ ಕಳಿಯಲು ಬಿಡುವ ದಿನವೂ ಸಾಲದು. ಹೇರಳೆಯಲ್ಲಿ ಅಷ್ಟು ಚೆನ್ನಾಗಿ ಕಹಿ ಹದ ಮಾಡುವ ಕೈ ಇಲ್ಲಿ ಯಾಕೆ ತಪ್ಪುತ್ತೆ ಅಂತ ನನಗೆ ಅರ್ಥವಾಗಿಲ್ಲ. ಮಾವಿನಕಾಯಿ ತೊಕ್ಕಿನಲ್ಲಿ ಎಣ್ಣೆ ಜಾಸ್ತಿ. ನೆಲ್ಲಿಕಾಯಿ ಉಪ್ಪಿನಕಾಯಿ ಚಳಿಗಾಲದಲ್ಲಿ ಚೆನ್ನಾಗಿರುತ್ತೆ, ಅಷ್ಟೇ.

ಉಪ್ಪು ಖಾರ ಸವರಿದ ಕಮರಾಕ್ಷಿ ಹೋಳುಗಳನ್ನೂ ಮಾರುತ್ತಾರೆ, ಈಗ ಎಲ್ಲರೂ ಸ್ಟಾರ್ ಫ್ರೂಟ್ ಅನ್ನುತ್ತಾರಲ್ಲ, ಅದು. ಮಕ್ಕಳಿಗೆ ಇಷ್ಟ. ಆದರೆ ಕಿಡ್ನಿ ತೊಂದರೆ ಇರುವವರು ಇದನ್ನು ಮುಟ್ಟಲೇಬಾರದು. ಅದರಲ್ಲಿರುವ ಆಕ್ಸಾಲಿಕ್ ಆಮ್ಲ ಕಿಡ್ನಿಗೆ ಹಾನಿ ಮಾಡುತ್ತೆ, ಇನ್ನೊಂದು ವಿಷದಂಥ ಅಂಶ ಮೂತ್ರದಲ್ಲಿ ಹೋಗದೆ ಉಳಿದು ಮಿದುಳಿಗೇ ತೊಂದರೆ ಕೊಡುತ್ತೆ. ನಮ್ಮ ದೊಡ್ಡಪ್ಪನಿಗೆ ಡಯಾಲಿಸಿಸ್ ನಡೆಯುತ್ತಿದ್ದಾಗ ಡಾಕ್ಟರು ಕಟ್ಟುನಿಟ್ಟಾಗಿ ಬೇಡ ಅಂದಿದ್ದರು. ಇದನ್ನು ಸೊಸೆಗೆ ಹೇಳಿದೆ. ಮುಂದಿನ ವಾರ ಹೋದರೆ ಕಮರಾಕ್ಷಿ ಬಾಟಲಿಯ ಮುಂದೆ ರಟ್ಟಿನ ಮೇಲೆ "ಕಿಡ್ನಿ ತೊಂದರೆ ಇರುವವರಿಗೆ ಕೊಡುವುದಿಲ್ಲ" ಅಂತ ದಪ್ಪಕ್ಷರದಲ್ಲಿ ಬರೆದಿಟ್ಟಿದ್ದರು. ನನಗೆ ಅವರ ಮೇಲೆ ಇದ್ದ ಗೌರವ ಅವತ್ತು ಇನ್ನೂ ಜಾಸ್ತಿ ಆಯಿತು. ಬಿ.ಪಿ. ಇರುವವರು ತೊಕ್ಕು ಕಮ್ಮಿ ತಿನ್ನಿ, ಉಪ್ಪು ಚೆನ್ನಾಗಿಯೇ ಇದೆ.

ಬಾಟಲಿಗಳ ಬಗ್ಗೆ ಬೇಜಾರಿದೆ. ಗೊಜ್ಜಿಗೆ ಗಾಜು ಕೊಡುತ್ತಾರೆ, ತೊಕ್ಕಿಗೆ ಇನ್ನೂ ಪ್ಲಾಸ್ಟಿಕ್. ಮುಚ್ಚಳ ಸರಿ ಕೂರುವುದಿಲ್ಲ, ಒಂದು ಸಲ ಸ್ಕೂಟರಿನ ಡಿಕ್ಕಿಯಲ್ಲಿ ಎಣ್ಣೆ ಚೆಲ್ಲಿ ಮಗಳ ಪುಸ್ತಕ ಹಾಳಾಯಿತು. ಚೀಟಿಯ ಮೇಲೆ ಮಾಡಿದ ತಾರೀಖು ಬರೆಯಿರಿ ಅಂತ ಕೇಳಿದ್ದೇನೆ, ಗೊಜ್ಜಿಗೆ ಬರೆಯಲು ಶುರು ಮಾಡಿದ್ದಾರೆ, ಉಳಿದದ್ದಕ್ಕೆ ಇಲ್ಲ.

ಸೋಮವಾರ, ಅಮಾವಾಸ್ಯೆ ರಜೆ. ಬೆಳಿಗ್ಗೆ ಹತ್ತರಿಂದ ಒಂದೂವರೆ, ಮತ್ತೆ ನಾಲ್ಕರಿಂದ ಏಳು. ಹೋಗುವಾಗ ಮನೆಯಿಂದಲೇ ಒಣಗಿದ ಗಾಜಿನ ಬಾಟಲಿ ತಗೊಂಡು ಹೋಗಿ, ತೊಕ್ಕನ್ನು ಅದಕ್ಕೇ ತುಂಬಿಕೊಡುತ್ತಾರೆ, 10 ರೂಪಾಯಿ ಬಿಡುತ್ತಾರೆ. ಹೇರಳೆ ಇದೆಯಾ ಅಂತ ಮೊದಲು ಸ್ಲೇಟು ನೋಡಿ. ಸ್ಲೇಟಿನಲ್ಲಿ ಇಲ್ಲದಿದ್ದರೂ ಒಂದು ಸಲ ಬಾಯಿಬಿಟ್ಟು ಕೇಳಿ, ಒಳಗೆ ಅವರ ಮನೆಗೆ ಅಂತ ಇಟ್ಟುಕೊಂಡದ್ದರಲ್ಲಿ ನನಗೆ ಎರಡು ಸಲ ಕೊಟ್ಟಿದ್ದಾರೆ.